ಲಗತ್ತಿಲ್ಲದ ನಾಲ್ಕನೇ ಅಂಶ

ನನ್ನ ಮೆದುಳಿನ ಚಿತ್ರವನ್ನು ನಾನು ನೋಡಿದ್ದೇನೆ. ಒಡೆದ ಅಕ್ರೋಟಿನ ಹಾಗಿದೆ; ಅಂಥ ಚೆಲುವೇನಲ್ಲ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು "ಸಬ್ ನಾರ್ಮಲ್ ಹೈ", ಎಲ್ಲ ಸರಿಯಿದೆ, ಎಂದಾಗ ಸಂತೋಷಪಡುವ ಬದಲು ಪಿಚ್ಚೆನಿಸಿತು. ಇಪ್ಪತ್ತೆಂಟು ವರ್ಷ ಕೇಂದ್ರ ಸರ್ಕಾರದ ಫೈಲುಗಳ ನಡುವೆ ಬದುಕಿದವನು ನಾನು. ದಾಖಲೆಯಿಲ್ಲದ ತೊಂದರೆಯನ್ನು ತೊಂದರೆಯೆಂದು ಒಪ್ಪಿ ಅಭ್ಯಾಸವಿಲ್ಲ.

ತೊಂದರೆಯಂತೂ ನಿಜವಾಗಿತ್ತು. ಮೆಟ್ರೋ ಬಾಗಿಲು ಮುಚ್ಚಿದರೆ ಸಾಕು, ಎದೆ ನಗಾರಿ ಬಾರಿಸುತ್ತಿತ್ತು. ದೆಹಲಿಯ ಲೋಧಿ ಕಾಲೋನಿಯ ಮನೆಯಿಂದ ಒಂದು ಗಂಟೆ ಮೊದಲೇ ಹೊರಟು ಆಫೀಸಿಗೆ ನಡೆಯತೊಡಗಿದೆ. ಆದರೆ ಮಗಳಿರುವುದು ದೂರದ ರೋಹಿಣಿಯಲ್ಲಿ. ಅವಳು ಹೆತ್ತು ತಿಂಗಳಾಗಿತ್ತು. ಹೆಂಡತಿ ಬಾಣಂತನಕ್ಕೆಂದು ಅಲ್ಲೇ ಇದ್ದಳು. ಮೊಮ್ಮಗಳನ್ನು ನಾನು ಫೋನಿನಲ್ಲಷ್ಟೇ ನೋಡಿದ್ದೆ. ಟ್ಯಾಕ್ಸಿ ಇಲ್ಲವೇ ಎನ್ನುತ್ತೀರೇನೋ. ಅದರ ಬಾಗಿಲೂ ಮುಚ್ಚುತ್ತದಲ್ಲ.

ಡಾಕ್ಟರು ಪಕ್ಕದ ಕೋಣೆಯ ಕೌನ್ಸೆಲರ್ ಹತ್ತಿರ ಕಳಿಸಿದರು. ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗಿ, ನನ್ನ ಮಗಳ ವಯಸ್ಸು. ಮೆದುಳೇ ಸರಿಯಿರುವಾಗ ಮಾತಿನಿಂದ ರಿಪೇರಿ ಮಾಡುವುದೇನನ್ನು ಎಂದು ಕೇಳಿದೆ.

"ಅಂಕಲ್, ಬ್ರೈನಲ್ಲಿ ಒಂದು ಅಲಾರ್ಮ್ ಇರತ್ತೆ. ಅದು ಖರಾಬ್ ಆಗಿಲ್ಲ, ಸುಮ್ಮನಾಗೋದು ಮರೆತಿದೆ, ಬಸ್, ಅಷ್ಟೇ. ಮಾತಾಡ್ತಾ ಮಾತಾಡ್ತಾ ಕಲಿಯತ್ತೆ. ಮಾತೂ ಬ್ರೈನಿಗೇ ಹೋಗೋದಲ್ವಾ?"

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದರು ಹಿರಿಯರು. ರೋಗವನ್ನು ಊಟದ ಇಲಾಖೆಗೇ ಒಪ್ಪಿಸಿದರು. ಮಾತಿಗೆ ಆ ಅಧಿಕಾರ ಕೊಡಲಿಲ್ಲ. ಆದರೂ ಹೇಳಿಕೊಂಡರೆ ಎದೆ ಹಗುರಾಗುತ್ತದೆ ಎಂದವರೂ ಅವರೇ. ತಲೆ ಹಗುರಾಗುತ್ತದೆ ಎಂದು ಯಾರೂ ಅಂದಿದ್ದು ಕೇಳಿಲ್ಲ.

ಮುಂದಿನ ವಾರ ಮಾತಿನ ಖರ್ಚು ಉಳಿಸಲು ಒಂದು ಉಪಾಯ ಮಾಡಿದೆ. ನನ್ನ ಸಮಸ್ಯೆಯ ಮೇಲೆ ಆಫೀಸಿನ ಪದ್ಧತಿಯಂತೆ ಅಂಶವಾರು ಟಿಪ್ಪಣಿ ಬರೆದು, ಸ್ಕ್ಯಾನು, ರಕ್ತಪರೀಕ್ಷೆ, ಇಸಿಜಿ ಎಲ್ಲವನ್ನೂ ಲಗತ್ತಿಸಿ, ಒಂದೊಂದಕ್ಕೂ ಬಣ್ಣದ ಚೀಟಿ ಅಂಟಿಸಿ ಅವಳ ಮುಂದಿಟ್ಟೆ. ಇಷ್ಟು ಅಚ್ಚುಕಟ್ಟಾದ ರೋಗಿ ಅವಳಿಗೆ ಸಿಕ್ಕಿರಲಾರ ಎಂಬ ಹೆಮ್ಮೆಯೂ ಇತ್ತು. ಅವಳು ನಿಧಾನವಾಗಿ ಓದಿ ನಾಲ್ಕನೇ ಅಂಶದ ಮೇಲೆ ಬೆರಳಿಟ್ಟಳು: "ಹಿರಿಯ ಸಹೋದರರ ನಿಧನ. ಮಾಹಿತಿಗಾಗಿ."

"ಎಲ್ಲದಕ್ಕೂ ಚೀಟಿ ಇದೆ ಅಂಕಲ್. ಇದಕ್ಕೆ ಯಾಕೆ ಇಲ್ಲ?"

"ಅದಕ್ಕೆ ಕಾಗದ ಇಲ್ಲಮ್ಮ."

"ಅಚ್ಛಾ. ಹಾಗಾದ್ರೆ ಬಾಯಲ್ಲೇ ಹೇಳಿ."

ಹೇಳಿದೆ. ಆ ದಿನ ಮೆಟ್ರೋದಲ್ಲಿದ್ದಾಗ ಅಣ್ಣ ಫೋನ್ ಮಾಡಿದ್ದ. ಜನ ನೂಕಾಡುತ್ತಿದ್ದರು; ಆಫೀಸಿಗೆ ಹೋಗಿ ಮಾತಾಡೋಣವೆಂದು ಕಟ್ ಮಾಡಿದೆ. ಎರಡು ಸ್ಟೇಷನ್ ಕಳೆಯುವಷ್ಟರಲ್ಲಿ ಅವನ ಮಗನ ಫೋನು ಬಂತು. ಅಣ್ಣ ಹೋಗಿಬಿಟ್ಟಿದ್ದ. ಏನು ಹೇಳಬೇಕೆಂದಿದ್ದನೋ, ನನಗೆ ಗೊತ್ತಾಗುವುದೇ ಇಲ್ಲ. ಕಟ್ ಮಾಡಿದ ಸಂಗತಿ ಹೆಂಡತಿಗೂ ಹೇಳಿರಲಿಲ್ಲ. ಅವಳ ಮುಂದೂ ಅಳದವನು ಆ ಹುಡುಗಿಯ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ.

ಆಮೇಲೆ ಕೆಲವು ವಾರ ಮಾತು, ಒಂದು ಸ್ಟೇಷನ್ ಪ್ರಯಾಣ, ಮತ್ತೆ ಮಾತು, ಎರಡು ಸ್ಟೇಷನ್. ಗುಣವಾಗಿದೆಯೋ ಎಂದು ತಿಳಿಯಲು ಇನ್ನೊಂದು ಸ್ಕ್ಯಾನ್ ತೆಗೆಸಲೇ ಎಂದೆ. ಅಭ್ಯಾಸ ಬಿಡುವುದಿಲ್ಲ ನೋಡಿ.

"ಸ್ಕ್ಯಾನ್ ಯಾಕೆ ಅಂಕಲ್? ರೋಹಿಣಿಗೆ ಹೋಗಿ ನೋಡಿ."

ಭಾನುವಾರ ಹೊರಟೆ. ಬಾಗಿಲು ಮುಚ್ಚಿತು. ಎರಡು ಸ್ಟೇಷನ್‌ಗಳ ನಡುವೆ ಫೋನು ಬಡಿದುಕೊಂಡಿತು, ಜೊತೆಗೆ ಎದೆಯೂ. ಅಲಾರ್ಮು ತನ್ನ ಕರ್ತವ್ಯ ಬಿಟ್ಟಿರಲಿಲ್ಲ. ಸುತ್ತ ಜನ ನೂಕಾಡುತ್ತಲೇ ಇದ್ದರು. ಎತ್ತಿದೆ.

"ಎಲ್ಲಿದೀರಿ? ಮಗು ಎದ್ದಿದೆ" ಎಂದಳು ಹೆಂಡತಿ.

"ಮೆಟ್ರೋದಲ್ಲಿ. ಹೇಳು" ಎಂದೆ.

ಅವಳಿಗೆ ವಿಶೇಷವಾಗಿ ಹೇಳುವುದೇನೂ ಇರಲಿಲ್ಲ. ಅಷ್ಟನ್ನೂ ರೋಹಿಣಿ ಬರುವ ತನಕ ಕೇಳಿದೆ.