ಏರುಗಾಳಿಯ ಮೇಷ್ಟ್ರು

ಮೊನ್ನೆ ಬನ್ನೂರು ದಾಟುತ್ತಿದ್ದಂತೆ ಬಸ್ಸಿನೊಳಕ್ಕೆ ಕಬ್ಬಿನ ತರಗು ಸುಡುವ ವಾಸನೆ ನುಗ್ಗಿತು. ಎಲ್ಲರೂ ಮೂಗು ಮುಚ್ಚಿಕೊಂಡು ಕಿಟಕಿ ಎಳೆದರು. ನಾನೊಬ್ಬಳು ಮಾತ್ರ ಕತ್ತು ಹೊರಗೆ ಚಾಚಿ, ಹೊಗೆ ನೆಟ್ಟಗೆ ಏರುತ್ತಿದೆಯೋ, ಯಾವ ಕಡೆಗಾದರೂ ವಾಲಿದೆಯೋ ಎಂದು ನೋಡುತ್ತಿದ್ದೆ. ಪಕ್ಕದ ಹೆಂಗಸು ನನಗೆ ವಾಂತಿ ಬರುತ್ತಿದೆ ಎಂದುಕೊಂಡು ನಿಂಬೆಹಣ್ಣು ಕೊಟ್ಟಳು. ಈ ಚಾಳಿ ಅಂಟಿಸಿದವರು ನನಗೆ ವಿಮಾನ ಹಾರಿಸುವುದನ್ನು ಕಲಿಸಿದ ಮೇಷ್ಟ್ರು.

ನಾನು ಸೋಸಲೆಯ ರೈತನ ಮಗಳು. ಬ್ಯಾಂಕಿನಲ್ಲಿ ಕೆಲಸ. ಭಾನುವಾರ ಬಂತೆಂದರೆ ನಂಜನಗೂಡು ರಸ್ತೆಯ ರನ್‌ವೇಗೆ ಓಡಿ ಎರಡು ಸೀಟಿನ ಪುಟ್ಟ ವಿಮಾನ ಕಲಿಯುವ ಹುಚ್ಚು. "ನೆಲದ್ ಮ್ಯಾಲೆ ನೆಟ್ಟಗ್ ನಡಿಯಕ್ ಬರಕಿಲ್ಲ, ಆಕಾಸುಕ್ಕೆ ಏಣಿ ಆಕ್ತಾಳೆ" ಎಂದು ಅವ್ವ ಆಡಿಕೊಳ್ಳುತ್ತಿದ್ದಳು. ಮೇಷ್ಟ್ರು ನಂಜನಗೂಡಿನವರು. ದಪ್ಪ ಮೀಸೆ, ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಹೆಡ್‌ಫೋನು. ಬಿಸಿಲಿಗೆ ಕಾದ ನೆಲದಿಂದ ಎದ್ದು ಬರುವ ಗಾಳಿಯನ್ನು ಹುಡುಕಿ, ಅದರೊಳಗೇ ಸುತ್ತು ಹಾಕುತ್ತ, ಎಂಜಿನ್ನಿನ ಜೋರು ತಗ್ಗಿಸಿ ಮೇಲೇರುವುದು ಅವರ ಹವ್ಯಾಸ. ಅದನ್ನು ಏರುಗಾಳಿ ಎನ್ನುತ್ತಿದ್ದರು.

"ಎಂಜಿನ್ ಇದೆಯಲ್ಲ ಸಾ, ಗಾಳಿ ಯಾಕೆ ಬೇಕು?" ಎಂದು ಒಮ್ಮೆ ಕೇಳಿದೆ.

"ಇಳಿಜಾರ್ ಸಿಕ್ಕುದ್ರೂ ಎತ್ಗೆ ಚಾಟಿ ಬೀಸೋನು ಎಂತಾ ಗಾಡಿಯೋನವ್ವ?" ಎಂದರು.

ಅವರಿಗೊಂದು ಅಭ್ಯಾಸವಿತ್ತು. ಆಕಾಶದಲ್ಲಿ ಗರುಡ ಕಂಡರೆ ನಮ್ಮ ಕಡೆಯವರು ಕೆನ್ನೆ ಮುಟ್ಟಿಕೊಂಡು ಕೈ ಮುಗಿಯುತ್ತಾರಲ್ಲ, ಇವರು ಹಾರುತ್ತಿರುವಾಗಲೂ ಮುಗಿಯುತ್ತಿದ್ದರು. ಮುಗಿದು, ವಿಮಾನವನ್ನು ಗರುಡ ಸುತ್ತುತ್ತಿರುವ ಕಡೆಗೇ ತಿರುಗಿಸುತ್ತಿದ್ದರು. ರೆಕ್ಕೆ ಬಡಿಯದೆ ಹಕ್ಕಿ ಮೇಲೇರುತ್ತಿದೆ ಎಂದರೆ ಅಲ್ಲಿ ಏರುಗಾಳಿ ಇದೆ ಎಂದೇ ಲೆಕ್ಕ. ಶಿವನ ಒಕ್ಕಲಿನವರು ವಿಷ್ಣುವಿನ ವಾಹನಕ್ಕೆ ಕೈ ಮುಗಿಯುವುದೇ ಎಂದು ನಾನು ಛೇಡಿಸಿದರೆ, "ದಾರಿ ತೋರ್ಸೋರ ಜಾತಿ ಕೇಳ್ತಾರೇನವ್ವ?" ಎಂದು ಮೀಸೆಯೊಳಗೇ ನಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರ ಎದೆ ಕೈಕೊಡತೊಡಗಿತ್ತು. ವೈದ್ಯರ ತಪಾಸಣೆ ಹತ್ತಿರವಾಗಿತ್ತು. ಅದರಲ್ಲಿ ಫೇಲಾದರೆ ಹಾರಾಟ ಅಲ್ಲಿಗೆ ಮುಗಿಯಿತು. ಪಾಸಾಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ನಾವಿಬ್ಬರೂ ಹಾರಿದ ಕೊನೆಯ ಭಾನುವಾರ, ತಿ. ನರಸೀಪುರದ ಸಂಗಮದ ಮೇಲೆ ಬಂದಾಗ ಎಂಜಿನ್ನಿನ ಜೋರು ತಗ್ಗಿಸುವ ಥ್ರಾಟಲ್ ಹಿಡಿಯನ್ನು ಹಿಂದಕ್ಕೆ ಎಳೆದು, ಎರಡೂ ಕೈ ಮಡಿಲಲ್ಲಿಟ್ಟುಕೊಂಡರು.

"ನನ್ನ ಕೆಳುಗ್ ಇಳುಸ್ಬುಡ್ತಾರೆ ಕಣವ್ವ. ನಾನಿಲ್ದೆ ನೀನು ಗಾಳಿ ಉಡುಕ್ತೀಯಾ ಇಲ್ವಾ, ಅದೊಂದ್ ನೋಡ್ಬೇಕು."

ಅವತ್ತು ಒಂದು ಹಕ್ಕಿಯೂ ಇಲ್ಲ. ರೈತನ ಮಗಳ ಕಣ್ಣು ಇನ್ನೆಲ್ಲಿಗೆ ಹೋದೀತು? ನಾಲೆಯ ಕೆಳಗಿನ ಹಸಿರು ಬತ್ತದ ಬಯಲಿನ ಮೇಲೆ ಹೋದೆ. ಚೆನ್ನಾಗಿರುವ ನೆಲವೆಂದರೆ ನನಗೆ ಅದೇ. ವಿಮಾನ ಇಳಿಯುತ್ತ ಹೋಯಿತು. ನೀರು ನಿಂತ ಗದ್ದೆ ತಂಪು, ತಂಪು ನೆಲದಿಂದ ಗಾಳಿ ಏಳುವುದಿಲ್ಲ ಎಂದು ಅವರು ಎಷ್ಟೋ ಸಲ ಹೇಳಿದ್ದರು... ಆಗ ಮುಡುಕುತೊರೆ ಬೆಟ್ಟದ ಕಡೆ ಬಿಸಿಲಿಗೆ ಕಾದ ಕರೀ ಬಂಡೆಗಳ ಒಂದು ಬರಡು ತುಂಡು ಕಂಡಿತು. ಅಪ್ಪ ನೋಡಿದ್ದರೆ ಹುರುಳಿ ಬಿತ್ತಲೂ ಲಾಯಕ್ಕಿಲ್ಲ ಎನ್ನುತ್ತಿದ್ದ ಜಾಗ. ತಿರುಗಿಸಿದೆ.

ಎಡಗಡೆಯ ರೆಕ್ಕೆಯನ್ನು ಯಾರೋ ಕೆಳಗಿನಿಂದ ತಳ್ಳಿದ ಹಾಗಾಯಿತು. ಹೆದರಿದವರು ಬಲಕ್ಕೆ ಓಡುತ್ತಾರೆ. ನಾನು ಹಲ್ಲು ಕಚ್ಚಿ, ಗಾಳಿ ಎತ್ತಿದ ರೆಕ್ಕೆಯ ಕಡೆಗೇ ಹೊರಳಿದೆ. ಮೊದಲು ಸೊಂಟಕ್ಕೆ ಗೊತ್ತಾಯಿತು, ಆಮೇಲೆ ಏರಿಳಿತ ತೋರಿಸುವ ಮುಳ್ಳು ಮೇಲೆ ಹೋಯಿತು. ಎಂಜಿನ್ ಸುಮ್ಮನೆ ಗೊಣಗುತ್ತಿತ್ತು, ನಾವು ಏರುತ್ತಿದ್ದೆವು. ಕಾವೇರಿ, ಕಪಿಲೆ ಎರಡೂ ಕೆಳಗೆ ಸಣ್ಣಗಾದವು. ನನಗೆ ಅಳು ಬಂದುಬಿಟ್ಟಿತು. ತಿರುಗಿ ನೋಡಿದರೆ ಅವರ ಕಣ್ಣೂ ಒದ್ದೆ.

"ಸಾಕು ಬುಡವ್ವ," ಎಂದರು. "ಇನ್ನ ಇಳಿಯಾನ."

ವೈದ್ಯರು ಅವರಂದುಕೊಂಡಂತೆಯೇ ಮಾಡಿದರು. ಆಮೇಲೆ ಪ್ರತಿ ಭಾನುವಾರ ನಾನೊಬ್ಬಳೇ ಹಾರಿ ಇಳಿದು ಎಂಜಿನ್ ಆರಿಸುವುದನ್ನೇ ಕಾದಿದ್ದವರಂತೆ ನಂಜನಗೂಡಿನಿಂದ ಫೋನು ಮಾಡುತ್ತಿದ್ದರು. ಆರೋಗ್ಯದ ಮಾತಿಲ್ಲ, ಊಟ ಆಯ್ತಾ ಎಂಬ ಉಪಚಾರವೂ ಇಲ್ಲ. "ಇವತ್ತು ಎಲ್ಲೆಲ್ಲಿ ಎದ್ದಿತ್ತವ್ವ?" ನಾನು ಹೇಳುತ್ತಿದ್ದೆ. ಇಟ್ಟಿಗೆ ಗೂಡಿನ ಮೇಲೆ, ಅಕ್ಕಿ ಗಿರಣಿಯ ಕಣದ ಮೇಲೆ, ತಲಕಾಡಿನ ಮರಳಿನ ಮೇಲೆ... ಎಲ್ಲ ಅವರಿಗೆ ಗೊತ್ತಿದ್ದವೇ. ಆದರೂ ಹ್ಞೂಂ, ಹ್ಞೂಂ ಎನ್ನುತ್ತ ಕೇಳುತ್ತಿದ್ದರು.

ಅವರು ಹೋಗಿ ವರ್ಷ ಕಳೆಯಿತು. ಈಗ ನಂಜನಗೂಡಿನಾಚೆ ಒಂದು ಹೊಸ ಗೋದಾಮು ಎದ್ದಿದೆ. ಅವರು ತೀರಿಕೊಂಡ ಮೇಲೆ ಕಟ್ಟಿದ್ದು. ಹೋದ ಭಾನುವಾರ ಅದರ ತಗಡಿನ ಚಾವಣಿಯ ಮೇಲೆ ಸೊಗಸಾದ ಏರುಗಾಳಿ ಸಿಕ್ಕಿತು. ಮೇಷ್ಟ್ರಿಗೆ ಗೊತ್ತಿಲ್ಲದ ಏರುಗಾಳಿ ನನಗೆ ಸಿಕ್ಕಿದ್ದು ಅದೇ ಮೊದಲು. ಇಳಿದು ಎಂಜಿನ್ ಆರಿಸಿದೆ. ಫೋನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಸೀಟಿನಲ್ಲೇ ಕೂತಿದ್ದೆ.