ಸೋಮವಾರದ ಎತ್ತು, ನನ್ನ ಸೂಜಿ

ಗೆಳೆಯರೇ, ಮೂಡಲಗಿ ಹತ್ತಿರದ ತೋಟದ ಮನೆಯೊಂದರಲ್ಲಿ ಇವತ್ತು ಬೆಳಿಗ್ಗೆ ನನ್ನ ಸೂಜಿ ಸೋತುಹೋಯಿತು!

ಗಂಗವ್ವನವರ ಎತ್ತಿನ ಮೈತುಂಬ ಗಂಟು. ಚರ್ಮಗಂಟು ರೋಗ ಎಂದು ಖಚಿತವಾದರೆ ನಾಳೆಯೇ ಸುತ್ತಲಿನ ದನಗಳಿಗೆಲ್ಲ ಲಸಿಕೆ ಹಾಕಬೇಕು. ಪ್ರಯೋಗಾಲಯಕ್ಕೆ ಮಾದರಿ ಒಯ್ಯುವ ಜೀಪು ಹೊರಡುವುದು ಹನ್ನೊಂದಕ್ಕೆ. ಪಶುವೈದ್ಯನಾದ ನಾನು ರಕ್ತ ತೆಗೆಯಲು ಸಿರಿಂಜು ಹಿಡಿದರೆ ಗಂಗವ್ವ ಅಡ್ಡ ನಿಂತರು.

“ಇವತ್ತ ಸೋಮವಾರ ಐತ್ರಿ ಡಾಕ್ಟ್ರ. ಬಸವಣ್ಣನ ಹೆಗಲಿಗೆ ನೊಗಾನ ಇಡಂಗಿಲ್ಲ, ಸೂಜಿ ಹೆಂಗ ಚುಚ್ಚತೀರಿ?”

“ವೈರಸ್ಸಿಗೆ ಸೋಮವಾರ ಸೂಟಿ ಇಲ್ರಿ, ಯವ್ವಾ!”

“ಅದಕ್ಕ ಇರ್ಲಿ ಬಿಡ್ಲಿ, ನಮ್ಮ ಎತ್ತಿಗೆ ಐತಿ.”

ಗಂಟೆ ಹತ್ತೂವರೆ. ತಲೆ ಕೆಟ್ಟುಹೋಯಿತು. ಅಷ್ಟರಲ್ಲಿ ಎತ್ತಿನ ಕುತ್ತಿಗೆಯ ಗಂಟೊಂದರ ಮೇಲೆ ಒಣಗಿದ ಹಕ್ಕಳೆ ಅರ್ಧ ಎದ್ದಿರುವುದು ಕಂಡಿತು.

“ಇದನ್ನರ ತಗೀಲೇನ್ರಿ?”

“ಅದು ತಾನ ಉದರೂದ ಐತಿ, ತಗೀರಿ.”

ಕುಣಿಯುವುದೊಂದೇ ಬಾಕಿ! ಈ ವೈರಸ್ಸು ರಕ್ತದಲ್ಲಿ ಸಿಗುವುದು ಕೆಲವೇ ದಿನ, ಹಕ್ಕಳೆಯಲ್ಲಿ ವಾರಗಟ್ಟಲೆ ಇರುತ್ತದೆ. ಪಿಸಿಆರ್ ಪರೀಕ್ಷೆಗೆ ಅದೇ ಮೇಲು. ಕಾಲೇಜಿನಲ್ಲಿ ಓದಿದ್ದನ್ನು ಸೂಜಿಯ ಚಟದಲ್ಲಿ ಮರೆತೇಬಿಟ್ಟಿದ್ದೆ. ಚಿಮಟದಿಂದ ಎತ್ತಿ ಟ್ಯೂಬಿಗೆ ಹಾಕಿ, ಐಸ್ ಡಬ್ಬಿ ಹಿಡಿದು ಓಡಿದೆ. ಜೀಪು ಸಿಕ್ಕಿತು!

ಸಂಜೆ ಪ್ರಯೋಗಾಲಯದ ಗೆಳೆಯನ ಫೋನು. “ಪಾಸಿಟಿವ್ ಬಂತಪಾ, ನಾಳೆ ಲಸಿಕಿ ಶುರು ಮಾಡು. ಮಾದರಿ ಭಾಳ ಚಲೋ ಇತ್ತು. ಹಕ್ಕಳಿ ಕಳಸೂ ಐಡಿಯಾ ಯಾರದು?”

“ನಂದ” ಎಂದುಬಿಟ್ಟೆ.

ಬಸವಣ್ಣನ ವಾರ ಸುಳ್ಳಾಡಿದ್ದಕ್ಕೆ ಈ ತಪ್ಪೊಪ್ಪಿಗೆ. ಗಂಗವ್ವ ಸೂಜಿ ತಡೆಯದಿದ್ದರೆ ನಾನು ಆ ಹಕ್ಕಳೆಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ಇವತ್ತು ಎತ್ತಿಗೂ ಸೂಟಿ ಇತ್ತು, ನನ್ನ ಬುದ್ಧಿಗೂ ಇತ್ತು. ಕೆಲಸ ಮಾಡಿದ್ದು ಗಂಗವ್ವ ಒಬ್ಬರೇ.