ಅಂಕಲ್ ಹೇಳಿದ ಬರಿಗಾಲಿನ ಬೌಲರ್

ಮಗನ ಹೊಸ ಬ್ಯಾಟಿಗೆ ಅವನಪ್ಪ ಗ್ಯಾರೇಜಿನಲ್ಲಿ ಕೂತು ಅಗಸೆ ಎಣ್ಣೆ ಸವರುತ್ತಿದ್ದ. ಬಟ್ಟೆ ಒಣಹಾಕಲು ಹೊರಟವಳು ಆ ವಾಸನೆಗೆ ಬಾಗಿಲಲ್ಲೇ ನಿಂತೆ. ಧಾರವಾಡದವಳಾದ ನನಗೆ ಅಗಸೆ ಎಂದರೆ ಚಟ್ನಿಪುಡಿ ನೆನಪಾಗಬೇಕಿತ್ತು. ನೆನಪಾದದ್ದು ಮೆಲ್ಬರ್ನಿನ ಪಾಯಿಂಟ್ ಕುಕ್‌ನ ಒಂದು ಕಾರ್‌ಪೋರ್ಟ್, ಆ ಕಾರಿನ ಚಪ್ಪರದಡಿ ಮಡಚುವ ಕುರ್ಚಿ ಹಾಕಿಕೊಂಡು ಹಳೆಯ ಬ್ಯಾಟುಗಳಿಗೆ ಎಣ್ಣೆ ಉಜ್ಜುತ್ತಿದ್ದ ಪಕ್ಕದ ಮನೆಯ ಅಂಕಲ್. ಕುರ್ಚಿ ಹಸಿರೋ ನೀಲಿಯೋ... ಇಲ್ಲಿಂದಲೇ ನನಗೆ ಅನುಮಾನ ಶುರು.

ಸಿಡ್ನಿಯ ರೌಸ್ ಹಿಲ್‌ಗೆ ಬರುವ ಮೊದಲು ನಾವು ಮೆಲ್ಬರ್ನಿನಲ್ಲಿ ರೆಂಟಿಗಿದ್ದೆವು. ಅಂಕಲ್ ಬಾರ್ಬಡೋಸಿನವರು, ಟ್ರ್ಯಾಮ್ ಓಡಿಸಿ ನಿವೃತ್ತರಾಗಿ ಮಗಳ ಜೊತೆ ಇದ್ದರು. ಶನಿವಾರ ಪಾರ್ಕಿನಲ್ಲಿ ಕ್ಲಬ್ಬಿನ ಆಟಗಾರರಿಗೆ ಬೌಲಿಂಗ್ ಹೇಳಿಕೊಡುತ್ತಿದ್ದರು.

ಅವರ ಬಳಿ ಇದ್ದದ್ದು ಒಂದೇ ಕಥೆ, ಮುತ್ತಜ್ಜನದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಆತ ಆ ದ್ವೀಪದ ಬಿಳಿಯರ ಕ್ಲಬ್ಬೊಂದರಲ್ಲಿ ಮೈದಾನದ ಆಳು. ಬೆಳಿಗ್ಗೆ ರೋಲರ್ ಎಳೆಯಬೇಕು; ಸಂಜೆ ಕ್ಲಬ್ಬಿನ ದೊಡ್ಡ ಮನುಷ್ಯರು ಬ್ಯಾಟಿಂಗ್ ಅಭ್ಯಾಸಕ್ಕೆ ಬಂದರೆ ಅವರಿಗೆ ಬೌಲ್ ಮಾಡಬೇಕು. ಅಷ್ಟು ವೇಗದ ಬೌಲರ್ ದ್ವೀಪದಲ್ಲೇ ಇರಲಿಲ್ಲವಂತೆ. ಆದರೆ ಪಕ್ಕದ ದ್ವೀಪಗಳ ಮೇಲೆ ಪಂದ್ಯವಿದ್ದಾಗ ಆತನಿಗೆ ತಂಡದಲ್ಲಿ ಜಾಗವಿಲ್ಲ. ಕೂಲಿಗೆ ಬೌಲ್ ಮಾಡುವವನು ಆಡುವ ಹಾಗಿಲ್ಲ ಎಂಬುದು ಅಲ್ಲಿನ ರೂಢಿ. ತಾನು ಪಳಗಿಸಿದ ಬ್ಯಾಟ್ಸ್‌ಮನ್‌ಗಳ ಆಟವನ್ನು ಆತ ಬೌಂಡರಿಯಾಚೆ ನಿಂತು ನೋಡಬೇಕಿತ್ತು. ಇಂಗ್ಲೆಂಡಿನ ತಂಡವೊಂದು ಬಂದಾಗ ಮಾತ್ರ, ಸೋಲಿನ ಭಯಕ್ಕೆ, ಆತನನ್ನು ಇಳಿಸಿದರು. ಬೂಟು ಕೊಟ್ಟರು. ಬೂಟಿನಲ್ಲಿ ಓಡಲಾಗದೆ ಬಿಚ್ಚಿ ಎಸೆದು ಬರಿಗಾಲಲ್ಲಿ ಬೌಲ್ ಮಾಡಿದ. ವಿಕೆಟ್ ಬಿದ್ದವು. ಅಂಕಲ್ ಒಮ್ಮೆ ಐದು ಎನ್ನುತ್ತಿದ್ದರು, ಒಮ್ಮೆ ಏಳು. ಆಮೇಲೆ ಒಂದೆರಡು ಪಂದ್ಯ, ಭುಜದ ನೋವು, ಮತ್ತೆ ರೋಲರ್... ಆತನ ಕ್ರಿಕೆಟ್ ಅಲ್ಲಿಗೆ ಮುಗಿಯಿತು.

ನನ್ನ ಗಂಡ ಹುಬ್ಬಳ್ಳಿಯವನು, ಕ್ರಿಕೆಟ್ಟಿನ ಅಂಕಿಗಳೆಲ್ಲ ಬಾಯಿಪಾಠ. ಸ್ಕೋರ್‌ಕಾರ್ಡ್ ಎಲ್ಲಿ ಅಂಕಲ್ ಎಂದು ಕೆಣಕುತ್ತಿದ್ದ. ಒಂದು ದಿನ ಅವರು ಎಣ್ಣೆಯ ಬಟ್ಟೆ ಕೆಳಗಿಟ್ಟು ಹೇಳಿದರು:

"ರೋಲರ್ ಎಳೆಯೋನು ಅಂತ ಊರಿಗೆಲ್ಲ ನೆನಪಿತ್ತು ಮಗಾ. ಬೌಲರ್ ಅಂತ ನೆನಪಿರೋದು ನನಗೊಬ್ಬನಿಗೇ. ನಾನು ಹೋದ ಮೇಲೂ ಯಾರಾದ್ರೂ ಅವನನ್ನ ಬೌಲರ್ ಅನ್ನಬೇಕು."

ಮನೆಗೆ ಬಂದ ಮೇಲೆ ಗಂಡ, "ಖರೇನೋ ಸುಳ್ಳೋ ಗೊತ್ತಿಲ್ಲ, ಹೇಳೋ ಧಾಟಿ ಮಾತ್ರ ಛಲೋ ಐತಿ ನೋಡು," ಎಂದ. ಅಂದಿನಿಂದ ಅಂಕಲ್ ಕಥೆಯನ್ನು ನನಗಷ್ಟೇ ಹೇಳುತ್ತಿದ್ದರು. ನಾನು ಅಂಕಿ ಕೇಳುವವಳಲ್ಲ.

ನಂತರ ಅವರಿಗೆ ಮರೆವು ಹತ್ತಿತು. ಕಥೆಯ ನಡುವೆ ನಿಂತುಬಿಡುತ್ತಿದ್ದರು. ಬೂಟು ಬಿಚ್ಚಿದ ಅಲ್ವಾ ಅಂಕಲ್ ಎಂದು ನಾನು ಎತ್ತಿಕೊಡುತ್ತಿದ್ದೆ. ಹೌದು, ಬೂಟು ಬಿಚ್ಚಿದ ಎಂದು ಮುಂದುವರಿಯುತ್ತಿದ್ದರು. ಕೊನೆಕೊನೆಗೆ ಹೇಳುವವಳು ನಾನು, ಆಮೇಲೆ ಏನಾಯ್ತು ಎಂದು ಕೇಳುವವರು ಅವರು.

ಆ ದಿನಗಳಲ್ಲೇ ಯಾವಾಗಲೋ ಧಾರವಾಡದ ನಮ್ಮ ಓಣಿಯ ಗರಡಿಯ ವಿಷಯ ಬಂದಿತ್ತು. ಕುಸ್ತಿಗಿಳಿಯುವ ಪೈಲ್ವಾನರು ಕಣದ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ ಎಂದಿದ್ದೆ. ಅಂಕಲ್ ಕಥೆಯ ಬೌಲರ್ ಕೂಡ ಓಟ ಶುರುಮಾಡುವ ಮುಂಚೆ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅವರು ಅದನ್ನು ಹೇಳಿದ್ದಕ್ಕೆ ನನಗೆ ಗರಡಿ ನೆನಪಾಯಿತೋ, ನಾನು ಗರಡಿಯ ಮಾತೆತ್ತಿದ ಮೇಲೆ ಅದು ಕಥೆಗೆ ಸೇರಿತೋ... ಎರಡೂ ನನಗೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಆಗ ದಿನಾ ಡೈರಿ ಬರೆಯುತ್ತಿದ್ದೆ. ಈ ದೇಶದಲ್ಲಿ ಕಾಯಂ ನೆಲೆಸಲು ಬೇಕಾದ ಪಿಆರ್ ಬಗ್ಗೆ ಪುಟಗಟ್ಟಲೆ ಇದೆ. ಅಂಕಲ್ ಬಗ್ಗೆ ಒಂದು ಸಾಲೂ ಇಲ್ಲ.

ಅವರು ತೀರಿಕೊಂಡಾಗ ನಾವು ಸಿಡ್ನಿಗೆ ಬಂದಾಗಿತ್ತು. ಬೆಳಗಿನ ವಿಮಾನಕ್ಕೆ ಹೋದೆವು. ಚರ್ಚಿನಿಂದ ಎಲ್ಲರೂ ಪಾರ್ಕಿಗೆ ನಡೆದರು. ಕ್ಲಬ್ಬಿನ ಬೌಲರುಗಳು ಸಾಲಾಗಿ ಬಂದು, ಅಂಕಲ್ ಕಲಿಸಿದಂತೆ, ಪಿಚ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಾರ್ಬಡೋಸಿನ ಪದ್ಧತಿ ಎಂದು ಯಾರೋ ನಮಗೆ ವಿವರಿಸಿದರು. ಗಂಡ ನನ್ನ ಕಿವಿಯಲ್ಲಿ, "ಇದು ನಮ್ಮ ಗರಡ್ಯಾಗಿಂದು ಅಲ್ಲೇನ?" ಎಂದ. ನಾನು ಪಿಚ್ಚಿನ ಕಡೆಗೇ ನೋಡುತ್ತಿದ್ದೆ. ಅಳು ಬರಲಿಲ್ಲ. ಸಂಜೆ ಮನೆಗೆ ಬಂದು ಕಪ್ಪು ಬಟ್ಟೆಗಳನ್ನು ವಾಷಿಂಗ್ ಮಷೀನಿಗೆ ಹಾಕಿದೆ.

ಈಗ, ಈ ಎಣ್ಣೆಯ ವಾಸನೆಯ ನೆಪದಲ್ಲಿ, ಎಷ್ಟೋ ವರ್ಷದ ಮೇಲೆ, ಅವರ ಮಗಳಿಗೆ ಫೋನ್ ಮಾಡಿದೆ. ಅವಳಿಗೂ ನನ್ನಿಂದ ಕೆಲಸವಿತ್ತು. ಕ್ಲಬ್ಬಿನವರು ಪಾರ್ಕಿನಲ್ಲಿ ಅಭ್ಯಾಸಕ್ಕೆ ಹೊಸ ನೆಟ್ಸ್ ಕಟ್ಟಿದ್ದಾರೆ, ಅಂಕಲ್ ಅವರ ಮುತ್ತಜ್ಜನ ಹೆಸರಲ್ಲಿ ಒಂದು ಫಲಕ ಹಾಕುತ್ತಾರೆ, ಏನು ಬರೆಸುವುದು ಎಂದು ಕೇಳುತ್ತಿದ್ದಾರಂತೆ.

"ಅಪ್ಪ ಪೂರ್ತಿ ಹೇಳಿದ್ದು ನಿನಗೇ. ಐದೋ ಏಳೋ? ನೆಲ ಮುಟ್ಟುತ್ತಿದ್ದದ್ದು ನಿಜಾನಾ?"

ಗೊತ್ತಿಲ್ಲ ಎಂದೆ. ಹಾಗಾದರೆ ನಿನಗೆ ಖಂಡಿತ ಗೊತ್ತಿರುವುದೇನು ಎಂದು ಕೇಳಿದಳು.

"ಅವನು ಬೌಲರ್ ಆಗಿದ್ದ."

ಹೆಸರು, ಅದರ ಕೆಳಗೆ ಬೌಲರ್, ಅಷ್ಟೇ ಬರೆಸುತ್ತೇನೆ ಎಂದಳು. ಅಂಕಲ್ ಕೇಳಿದ್ದೂ ಅಷ್ಟೇ. ಖುಷಿಯಾಗಬೇಕಿತ್ತು.

ಫೋನ್ ಇಟ್ಟು, ಅವರ ದನಿ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಅವರು ಹೇಳಿದ್ದೆಲ್ಲ ನನಗೀಗ ಕನ್ನಡದಲ್ಲಿ ಕೇಳಿಸುತ್ತದೆ. ಅವರಿಗೆ ಕನ್ನಡದ ಒಂದು ಮಾತೂ ಬರುತ್ತಿರಲಿಲ್ಲ.